ಫಟಫಟಿಯ ಕುತ್ತಿಗೆ

೧೨ ಜನವರಿ ೧೯೫೩, ಸೋಮವಾರ. ಜಮಖಂಡಿ

ಡಾಕ್ಟರರ ಫಟಫಟಿಯ ಡೈನಮೋ ಬಿಚ್ಚಿದೆ. ಬ್ರಶ್ ಪೂರ್ತಿ ಸವೆದಿದೆ. ಹೋದ ಸಲವೇ ಹೇಳಿದ್ದೆ, ಕೇಳಲಿಲ್ಲ. ದೀಪ ಹತ್ತದಿದ್ದರೆ ಮಾತ್ರ ಬೈಗುಳ ನನಗೆ. ಈ ಊರಲ್ಲಿ ಮೆಕ್ಯಾನಿಕ್ ಆಗುವುದಕ್ಕಿಂತ ಎಮ್ಮೆ ಕಾಯುವುದು ಲೇಸು. ಎಮ್ಮೆಯಾದರೂ ಹೇಳಿದ ಮಾತು ಕೇಳುತ್ತದೆ.

ಊಟಕ್ಕೆ ಮನೆಗೆ ಹೋದಾಗ ಎರಡು ಗಂಟೆ. ಲಗಮವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಆರನೇ ತಿಂಗಳು. ಹೀಗೆ ಬಗ್ಗಿ ಕೂರಬೇಡ ಎಂದೆ. ನಿಂತು ಬಡಿಯುವ ಒಲೆ ಮಾಡಿಕೊಡಿ, ಸಂಸ್ಥಾನದ ಮೋಟಾರು ಖಾನೆಯಲ್ಲಿ ಇದ್ದ ಮಿಸ್ತ್ರಿ ಅಲ್ಲವೇ ಎಂದಳು. ಇಬ್ಬರೂ ನಕ್ಕೆವು. ಮೂರು ಸಲ ತೊಟ್ಟಿಲು ಕಟ್ಟುವ ಮೊದಲೇ ಹೋಗಿವೆ... ಇದು ನಾಲ್ಕನೆಯದು. ಆ ಲೆಕ್ಕವನ್ನು ಇಬ್ಬರೂ ಆಡುವುದಿಲ್ಲ. ದಿನಾ ಸಂಜೆ ಮನೆದೇವರು ಬೀರಪ್ಪನ ಭಂಡಾರ ಹಣೆಗಿಟ್ಟುಕೊಂಡು, ಬೆರಳಿಗೆ ಉಳಿದ ಅರಿಸಿನದಿಂದ ಹೊಟ್ಟೆಯ ಮೇಲೊಂದು ಗೆರೆ ಎಳೆದುಕೊಳ್ಳುತ್ತಾಳೆ.

ಸಂಜೆ ತುಕಾರಾಮ ಶೆಡ್ಡಿಗೆ ಬಂದ. ಲಗಮವ್ವನ ಒಬ್ಬನೇ ತಮ್ಮ. ಬೀಳಗಿ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ನೌಕರಿ. ಅವರ ಮನೆಯಲ್ಲಿ ಕುರಿ ಬಿಟ್ಟು ಪಗಾರ ಹಿಡಿದ ಮೊದಲನೆಯವನು. ಸೈಕಲ್ ಹೊಡೆದು ಸಾಕಾಯಿತಂತೆ, ಫಟಫಟಿ ಕೊಳ್ಳುತ್ತಾನಂತೆ. ಕೊಳ್ಳು, ಹಳೆಯದಾದರೂ ಗಟ್ಟಿಯಾದದ್ದು ನಾನೇ ಹುಡುಕಿ ಕೊಡುತ್ತೇನೆ ಎಂದೆ. ಹುಡುಕಿಯಾಗಿದೆ ಎಂದ. ಬನಹಟ್ಟಿಯ ಬಸಗೊಂಡಪ್ಪನ ಕೆಂಪು ಏರಿಯಲ್. ರೇಸಿನ ಮೋಟಾರ್ ಸೈಕಲ್ಲು, ಐನೂರು ಸಿ.ಸಿ. ಶಾಲೆಗೆ ಹೋಗುವಾಗಿನಿಂದ ಅದರ ಮೇಲೆ ಕಣ್ಣಂತೆ.

“ಮಾಮಾ, ನೀವೊಮ್ಮೆ ಕೈಯಾಡಿಸಿ ಹೂಂ ಅಂದ್ರ ಆತು. ಮತ್ತ್ಯಾರನ್ನೂ ಕೇಳಂಗಿಲ್ಲ ನಾ.”

ನಟ್ಟು ಬಿಚ್ಚುತ್ತಿದ್ದ ಪಾನಾ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ.

೧೪ ಜನವರಿ. ಸಂಕ್ರಮಣ

ಊರೆಲ್ಲ ಕೃಷ್ಣೆಗೆ ಜಳಕಕ್ಕೆ ಹೋಗಿದೆ. ನಾನು ತಲೆನೋವು ಎಂದು ಹೇಳಿ ಶೆಡ್ಡಿನಲ್ಲಿ ಕೂತೆ.

ಆ ಗಾಡಿಯ ವಿಷಯ ಬಾಯಿಂದ ಆಡುವಂತಿಲ್ಲ. ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ. ಈ ಡೈರಿ ಪಾನಾ ಪೆಟ್ಟಿಗೆಯ ತಳದಲ್ಲಿರುತ್ತದೆ, ಓದುವವರಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣ. ಬಸಗೊಂಡಪ್ಪ ಒಂದು ಎತ್ತಿನ ಬಂಡಿ ಕಳಿಸಿದ. ಮೇಲೆ ಕಂಬಳಿ ರಾಶಿ. ಯುದ್ಧಕಾಲದಲ್ಲಿ ಪಲ್ಟನ್ನಿಗೆ ಕಂಬಳಿ ಒದಗಿಸಿ ಸಾವಕಾರನಾದ ಮನುಷ್ಯ, ಬಂಡಿ ತುಂಬ ಕಂಬಳಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕಂಬಳಿ ತೆಗೆದರೆ ಕೆಳಗೆ ಕೆಂಪು ಗಾಡಿ. ಮುಂದಿನ ಫೋರ್ಕ್ ಬಾಗಿತ್ತು. ಅದು ದೊಡ್ಡದಲ್ಲ, ಬದಲಿ ಸಿಗುತ್ತದೆ. ಕುತ್ತಿಗೆ ಸೀಳಿತ್ತು — ಹ್ಯಾಂಡಲ್ಲಿನ ಕೊಳವೆ ಬಂದು ಚೌಕಟ್ಟಿಗೆ ಕೂಡುತ್ತದಲ್ಲ, ಆ ಜಾಗ. ಇಡೀ ಗಾಡಿ ಅದರ ಮೇಲೆಯೇ ನಿಂತಿರುವುದು.

ಚೌಕಟ್ಟೇ ಹೊಸದು ಬೇಕು ಎಂದೆ. ಬೇಡ, ಹಿತ್ತಾಳೆ ಬೆಸುಗೆ ಹಾಕಿ ಬಣ್ಣ ಹಚ್ಚು, ಇನ್ನು ಅದನ್ನು ಓಡಿಸುವವರು ಯಾರಿದ್ದಾರೆ, ಅಂಗಳದಲ್ಲಿ ನಿಂತಿರುತ್ತದೆ ಎಂದು ಬಸಗೊಂಡಪ್ಪ ಹೇಳಿಕಳಿಸಿದ. ಹಾಕಿದೆ. ನನ್ನ ಕೈಯ ಬೆಸುಗೆ, ನನಗೆ ಗೊತ್ತು. ನಿಂತರೆ ನೂರು ವರ್ಷ. ಓಡಿದರೆ ಒಂದು ಒಳ್ಳೆ ತಗ್ಗು ಸಾಕು.

ಗಾಡಿ ಒಪ್ಪಿಸಲು ಹೋದಾಗ ಅವನ ಹೆಂಡತಿ ಹಣಮವ್ವ ದೇವರ ಮನೆಗೆ ಕರೆದಳು. ಅಂಗೈ ಚಾಚು ಎಂದಳು. ಭಂಡಾರ ಸುರಿದಳು. ನಮ್ಮ ಮಂದಿಯಲ್ಲಿ ಭಂಡಾರ ಬೇಡ ಅನ್ನುವವರುಂಟೆ? ಪ್ರಸಾದವೆಂದುಕೊಂಡು ಮುಷ್ಟಿ ಕಟ್ಟಿದೆ. ಭಂಡಾರ ಹಿಡಿದು ಮುಷ್ಟಿ ಕಟ್ಟಿದರೆ ಆಣೆ ಒಪ್ಪಿದ ಹಾಗೆ. ಮುಷ್ಟಿ ಕಟ್ಟಿದ ಮೇಲೆ ಮಾತು ಬಂತು.

“ಈ ಗಾಡಿ ಬಿದ್ದದ್ದು ನಿನ್ನ ಬಾಯಿಂದ ಹೊರಗ ಬಂದ್ರ, ಹಾಲಪ್ಪಾ, ನಿನ್ನ ಮನ್ಯಾಗ ತೊಟ್ಟಿಲಾ ತೂಗಬಾರದು.”

ಹೇಳಿ ಅಳತೊಡಗಿದಳು. ಅವರ ಮಗ ಗಿರಮಲ್ಲನಿಗೆ ಮೂರ್ಛೆ ರೋಗ. ನೇರ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಗಾಡಿಯ ಮೇಲೆಯೇ ಬಂದಿತ್ತು. ಒಂಬತ್ತು ದಿನಕ್ಕೆ ಅವನ ಮದುವೆ, ಮುಧೋಳದ ಹೆಣ್ಣು. ಗಾಡಿ ಬಿದ್ದದ್ದು ತಿಳಿದರೆ ನೇರ ರಸ್ತೆಯಲ್ಲಿ ಯಾಕೆ ಬಿತ್ತು ಎಂದು ಕೇಳುತ್ತಾರೆ. ಒಂದೆಳೆ ಜಗ್ಗಿದರೆ ಕಂಬಳಿಯೆಲ್ಲ ಬಿಚ್ಚುತ್ತದೆ.

ಬೈಯಲು ಬಾಯಿ ಬರಲಿಲ್ಲ. ತಾಯಿ. ಆದರೆ ಮೊದಲು ಮಾತು ಕೇಳಿ ಆಮೇಲೆ ಮುಷ್ಟಿ ಕಟ್ಟಬೇಕಿತ್ತು. ಎಂಥ ಹುಚ್ಚ ನಾನು. ನಲವತ್ತರ ಹತ್ತಿರ ಬಂದರೂ ಬುದ್ಧಿ ಬರಲಿಲ್ಲ.

೧೮ ಜನವರಿ, ಭಾನುವಾರ

ರಾತ್ರಿ ಹೊಳೆಯಿತು. ಹೇಳುವಂತಿಲ್ಲ ನಿಜ. ಕಲಿಸಬಾರದು ಎಂದು ಯಾರೂ ಆಣೆ ಹಾಕಿಲ್ಲ! ಕಣ್ಣು ಅವನದು. ಅವನೇ ನೋಡಲಿ, ಅವನೇ ಹಿಡಿಯಲಿ, ಅವನೇ ಬೇಡ ಅನ್ನಲಿ.

ತುಕಾರಾಮನನ್ನು ಕರೆಸಿದೆ. ಹಳೆ ಗಾಡಿ ಕೊಳ್ಳುವವನಿಗೆ ವಿದ್ಯೆ ಬೇಕು, ಕೂಡು ಎಂದು ಡಾಕ್ಟರರ ಗಾಡಿ ಮುಂದಿಟ್ಟೆ. ಹುಡುಗಾಟಿಕೆಯವನಾದರೂ ಕಲಿಯುವುದರಲ್ಲಿ ಚುರುಕು, ಲಸಿಕೆ ಫಾರ್ಮಿನ ಬೆನ್ನ ಮೇಲೆ ಬರೆದುಕೊಂಡ.

ಹೋದ ಕೂಡಲೇ ಗಾಡಿಗೆ ಮರುಳಾಗಬೇಡ, ಮೊದಲು ಎಂಜಿನ್ನಿಗೆ ಅಂಗೈ ಹಚ್ಚು ಎಂದೆ. ಬೆಚ್ಚಗಿದ್ದರೆ ನೀನು ಬರುವ ಮುಂಚೆ ಚಾಲೂ ಮಾಡಿದ್ದಾರೆ, ಥಂಡಿಯಲ್ಲಿ ಏಳುವುದಿಲ್ಲ ಎಂದರ್ಥ. ಹೊಗೆ ನೋಡು, ನೀಲಿ ಬಂದರೆ ಎಣ್ಣೆ ಕುಡಿಯುತ್ತಿದೆ. ಎಣ್ಣೆ ಟಾಕಿಯ ಮುಚ್ಚಳ ತೆಗೆದು ಒಳಗೆ ಎಣ್ಣೆ ತಿರುಗಿ ಬರುತ್ತಿದೆಯೋ ಇಲ್ಲವೋ ನೋಡು. ಚೈನನ್ನು ಹಿಂದಿನ ಚಕ್ರದಿಂದ ಎಳೆದು ನೋಡು. ಹಲ್ಲು ಕೊಕ್ಕೆಯಾಗಿದ್ದರೆ ಕತೆ ಮುಗಿಯಿತು. ಗಾಲಿಯ ಕಡ್ಡಿಗಳನ್ನು ಪಾನಾದಿಂದ ಬಡಿ, ಸಡಿಲಾದದ್ದು ಬೊದ್ದೆನ್ನುತ್ತದೆ. ಪುಸ್ತಕದ ನಂಬರು, ಎಂಜಿನ್ನಿನ ನಂಬರು, ಚೌಕಟ್ಟಿನ ನಂಬರು ಮೂರೂ ಒಂದೇ ಕುಟುಂಬದವು ಹೌದೋ ಅಲ್ಲವೋ ನೋಡು. ಅವನು ನಕ್ಕ. ಇದೇನು ಮಾಮಾ, ಹೆಣ್ಣು ನೋಡಿದ ಹಾಗೆ ಎಂದ. ಹೆಣ್ಣು ಸುಳ್ಳು ಹೇಳಿದರೆ ಬಾಳುವೆ ಹೇಗೋ ನಡೆಯುತ್ತದೆ, ಗಾಡಿ ಸುಳ್ಳು ಹೇಳಿದರೆ ನಡೆಯುವುದಿಲ್ಲ ಎಂದೆ.

ಬಿದ್ದ ಗಾಡಿಯ ಪಾಠ ಕಡೆಗೆ ಇಟ್ಟುಕೊಂಡಿದ್ದೆ. ಬ್ರೇಕಿನ ಹಿಡಿಯ ತುದಿ ಉಜ್ಜಿದೆಯೇ ನೋಡು. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸು, ನಡುವೆ ಎಲ್ಲೂ ಕಚ್ಚಬಾರದು. ಹಿಂದಿನ ಗಾಲಿಗೆ ದಾರ ಕಟ್ಟಿ ಎರಡೂ ಮಗ್ಗಲು ಮುಂದಕ್ಕೆ ಎಳೆ. ಮುಂದಿನ ಗಾಲಿ ದಾರಗಳ ನಟ್ಟನಡುವೆ ನಿಲ್ಲಬೇಕು. ಜೋಳದ ಕಾಳಿನಷ್ಟು ಸರಿದಿದ್ದರೆ ಹಿಂದಿನ ಗಾಲಿ ಸೊಟ್ಟ ಕೂತಿದೆ, ಬೋಲ್ಟ್ ತಿರುಗಿಸಿದರೆ ಸರಿಹೋಗುತ್ತದೆ. ಬೆರಳಷ್ಟು ಸರಿದಿದ್ದರೆ ಎದ್ದು ಮನೆಗೆ ಬಾ. ಕಡೆಗೆ ಟ್ಯಾಂಕಿನ ಕೆಳಗೆ ಬಗ್ಗಿ ಕುತ್ತಿಗೆ ನೋಡು. ಎಲ್ಲ ಕಡೆ ಹಳೆ ಬಣ್ಣವಿದ್ದು ಅಲ್ಲೊಂದೇ ಹೊಸ ಬಣ್ಣವಿದ್ದರೆ ಚಾಕುವಿನಿಂದ ಕೆರೆ.

“ಕುತ್ತಿಗಿ. ಮರೀಬ್ಯಾಡ ತುಕಾರಾಮ. ಉಳದದ್ದ ಮರತರೂ ಕುತ್ತಿಗಿ ಮರೀಬ್ಯಾಡ.”

ಎರಡು ಸಲ ಅಡಿಗೆರೆ ಎಳೆದುಕೊಂಡ. ಎದೆ ಹಗುರಾಯಿತು. ಮನೆಗೆ ಹೋಗಿ ಲಗಮವ್ವನ ಕೈಯಿಂದ ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.

೨೫ ಜನವರಿ, ಭಾನುವಾರ

ಬನಹಟ್ಟಿಗೆ ಹೋಗಿ ಬಂದೆವು. ಬರೆಯಲು ಕೈ ಏಳುತ್ತಿಲ್ಲ.

ಅಂಗಳದಲ್ಲಿ ಗಾಡಿ ಮದುಮಗನ ಹಾಗೆ ನಿಂತಿತ್ತು. ತುಕಾರಾಮ ಹೋದವನೇ ಎಂಜಿನ್ನಿಗೆ ಅಂಗೈ ಹಚ್ಚಿದ. ಬಿಸಿ. ಶಹಬ್ಬಾಸ್ ಅಂದುಕೊಂಡೆ ಮನಸ್ಸಿನಲ್ಲಿ. ನೀವು ಬರುತ್ತೀರೆಂದು ಒರೆಸಿ ಚಾಲೂ ಮಾಡಿ ಇಟ್ಟಿದ್ದೆವು ಎಂದ ಬಸಗೊಂಡಪ್ಪ. ಆರುವವರೆಗೂ ಕೂತೆವು. ಥಂಡಿಯಲ್ಲೂ ಮೂರನೇ ಕಿಕ್ಕಿಗೆ ಎದ್ದಿತು. ಹೊಗೆಯಿಲ್ಲ. ಚೈನು ಸರಿ, ಹಲ್ಲು ಸರಿ, ಕಡ್ಡಿಗಳು ತಂಬೂರಿಯ ತಂತಿಯ ಹಾಗೆ ನುಡಿದವು. ಎರಡು ವರ್ಷ ಓಡದ ಗಾಡಿ, ಸವೆಯುವುದಾದರೂ ಹೇಗೆ? ಹಿಡಿ, ಫೋರ್ಕ್ ನಾನೇ ಹೊಸದು ಹಾಕಿದ್ದೆ. ನನ್ನ ಕೆಲಸವೇ ನನ್ನ ಮುಂದೆ ಸುಳ್ಳು ಸಾಕ್ಷಿ ಹೇಳಿತು.

ದಾರ ಎಳೆದ. ಎಡಕ್ಕೆ ಬೆರಳು ತೂರಿತು, ಬಲಕ್ಕೆ ತೂರಲಿಲ್ಲ. ಅವನು ನನ್ನ ಮುಖ ನೋಡಿದ. ಬಸಗೊಂಡಪ್ಪನೂ ನೋಡಿದ. ಬಾಗಿಲಲ್ಲಿ ಹಣಮವ್ವ, ಅವಳ ಹಿಂದೆ ಚಹಾದ ತಟ್ಟೆ ಹಿಡಿದ ಸೊಸೆ. ಆ ಹುಡುಗಿಗೂ ಹೊಟ್ಟೆ ಬಂದಿದೆ.

“ದಾರ ಸುಳ್ಳ ಹೇಳೂದಿಲ್ಲ, ತುಕಾರಾಮ,” ಎಂದೆ. ಅಷ್ಟೇ ಎಂದೆ.

ಅವನು ಗಲ್ಲ ಕೆರೆದುಕೊಂಡ. ಆಮೇಲೆ ಮುಖ ಅರಳಿಸಿ, ಹಿಂದಿನ ಗಾಲಿ ಸೊಟ್ಟ ಕೂತಿದ್ದರೂ ಹೀಗಾಗುತ್ತದೆ ಎಂದು ನೀವೇ ಹೇಳಿದ್ದಿರಲ್ಲ, ನೀವು ಕೂತು ಸರಿಮಾಡಿ ಕೊಡುತ್ತೀರಿ ಬಿಡಿ ಎಂದ. ಜೋಳದ ಕಾಳನ್ನೂ ಬೆರಳನ್ನೂ ಒಂದೇ ಮಾಡಿದ ಪುಣ್ಯಾತ್ಮ. ಮನಸ್ಸು ಕೆಂಪು ಟ್ಯಾಂಕಿನ ಮೇಲೆ ಕೂತ ಮೇಲೆ ದಾರದ ಮಾತು ಯಾರಿಗೆ ಬೇಕು.

ಆದರೂ ಕುತ್ತಿಗೆ ಮರೆಯಲಿಲ್ಲ. ಚಾಕು ತೆಗೆದು ಟ್ಯಾಂಕಿನ ಕೆಳಗೆ ಬಗ್ಗಿದ. ಬಗ್ಗಿದವನು ಹಾಗೆಯೇ ಚಾಕು ಮಡಚಿದ.

ಕುತ್ತಿಗೆಯ ತುಂಬ ಭಂಡಾರ. ಎರಡು ವರ್ಷದಿಂದ ಅಮಾವಾಸ್ಯೆಗೊಮ್ಮೆ ಹಣಮವ್ವ ಎಣ್ಣೆಯಲ್ಲಿ ಕಲಸಿ ಮೆತ್ತಿದ್ದಾಳೆ. ದೀಪಕ್ಕಿಲ್ಲ, ಟ್ಯಾಂಕಿಗಿಲ್ಲ, ಸರಿಯಾಗಿ ಬೆಸುಗೆಯ ಮೇಲೆಯೇ, ಬೆರಳು ದಪ್ಪ. ಮುಚ್ಚಲಿಕ್ಕೆ ಮೆತ್ತಿದಳೋ, ದೇವರೇ ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು ಮೆತ್ತಿದಳೋ. ತುಕಾರಾಮ ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಬೀರಪ್ಪನ ಭಂಡಾರಕ್ಕೆ ಚಾಕು ಹಾಕುವ ಗಂಡು ನಮ್ಮಲ್ಲಿ ಹುಟ್ಟಿಲ್ಲ.

“ಮಾಮಾ, ಹೂಂ ಅನ್ರಿ ಮತ್ತ.”

ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಕೆಮ್ಮಿದೆ. ಅವನು ಅದನ್ನೇ ಹೂಂ ಎಂದು ತಿಳಿದು ಸಾವಕಾರನ ಕೈ ಹಿಡಿದುಕೊಂಡ.

೨೭ ಜನವರಿ

ಈ ಗಾಡಿ ಬೇಡ ಎಂದೆ ಅವನಿಗೆ. ಯಾಕೆ ಎಂದ. ಅದು ರೇಸಿನದು, ಲಸಿಕೆ ಪೆಟ್ಟಿಗೆ ಹೊರುವವನಿಗೆ ಯಾಕೆ ಎಂದೆ. ದೋಷ ಏನಿದೆ ಹೇಳಿ ಎಂದ. ಡಾಕ್ಟರರ ಡೈನಮೋ ಕೈಗೆತ್ತಿಕೊಂಡೆ. ಮುಖ ಸಣ್ಣಗೆ ಮಾಡಿಕೊಂಡು ಹೋದ.

ಬರೆದು ತೋರಿಸಿದರೆ? ಬಾಯಿಂದ ತಾನೆ ಹೇಳಬಾರದು... ಛೀ. ದೇವರ ಮುಂದೆ ವಕೀಲಿಕೆ ಮಾಡಿದ ಹಾಗೆ. ಬೀರಪ್ಪ ಕೋರ್ಟಿನ ಸಾಹೇಬನಲ್ಲ.

೯ ಫೆಬ್ರವರಿ, ಸೋಮವಾರ

ಕೊಂಡುಬಿಟ್ಟ. ನನಗೆ ಹೇಳದೆಯೇ ವ್ಯವಹಾರ ಮುಗಿಸಿದ. ತಡೆಯಬಹುದಾಗಿದ್ದ ಎರಡು ವಾರ ಡೈನಮೋ ಬಿಚ್ಚುತ್ತ ಕಳೆದೆ.

ಗಾಡಿಯನ್ನು ಬನಹಟ್ಟಿಯಿಂದ ನಾನೇ ತರುತ್ತೇನೆ, ಸರ್ವಿಸ್ ಆಗುವವರೆಗೂ ನೀನು ಹತ್ತಬೇಡ ಎಂದು ಹಟ ಹಿಡಿದೆ. ಒಪ್ಪಿದ. ತಂದೆ. ಎರಡನೇ ಗೇರಿನ ಮೇಲೆ ಹಾಕಲಿಲ್ಲ. ಕಬ್ಬಿನ ಬಂಡಿ ನನ್ನನ್ನು ಹಿಂದೆ ಹಾಕಿತು. ಬಂಡಿಯವನು ಎತ್ತು ಬೇಕೇನು ಎಂದು ಕೇಳಿ ನಕ್ಕ. ಒಂದೊಂದು ತಗ್ಗಿಗೂ ಕುತ್ತಿಗೆಯ ಕಡೆಗೇ ಕಿವಿ. ತುಬಚಿಯ ನಮ್ಮ ಸೋದರಮಾವ ಸಾಯುವಾಗ ಉಸಿರು ಎಣಿಸುತ್ತ ಕೂತ ಹಾಗೆ ಆ ದಾರಿ ಕಳೆದೆ.

ಈಗ ಶೆಡ್ಡಿನಲ್ಲಿದೆ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಹೊಸ ಚೌಕಟ್ಟಿಗೆ ಮುಂಬಯಿಗೆ ಕಾಗದ ಬರೆದೆ. ಅವನಿಗೆ ಮ್ಯಾಗ್ನೆಟೋ ಸುಟ್ಟಿದೆ ಎಂದು ಹೇಳಿದೆ. ಈ ಸುಳ್ಳು ಎಷ್ಟು ಸರಾಗ ಬಂತು! ಸುಳ್ಳಿಗೆ ಆಣೆ ಅಡ್ಡ ಬರುವುದಿಲ್ಲ, ಖರೇ ಮಾತಿಗೆ ಮಾತ್ರ ಬರುತ್ತದೆ.

೧೯ ಫೆಬ್ರವರಿ, ಗುರುವಾರ

ಲಗಮವ್ವನ ಕುಬಸ ಆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಏಳನೇ ತಿಂಗಳು ಇಲ್ಲಿಯವರೆಗೆ ಯಾವ ಸಲವೂ ಮುಟ್ಟಿರಲಿಲ್ಲ. ಮುದುಕಿಯರು ಹಾಡುವಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಅಳು ಬಂದಿತ್ತು, ಸಂತೋಷದ್ದು. ಭಯದ್ದೂ.

ಸಂಜೆ ತುಕಾರಾಮ ಅವಳನ್ನು ತವರಿಗೆ, ಬೀಳಗಿಗೆ, ಸರ್ವಿಸ್ ಬಸ್ಸಿನಲ್ಲಿ ಕರೆದುಕೊಂಡು ಹೋದ. ಬಸ್ಸು ಹತ್ತುವ ಮೊದಲು ನನ್ನನ್ನು ಮಗ್ಗುಲಿಗೆ ಕರೆದಳು. ಬುತ್ತಿಯ ಮಾತಿರಬೇಕು ಎಂದುಕೊಂಡೆ.

“ನನ್ನ ತಮ್ಮಗ ಒಂದ ಛಲೋದು ಬಂದ್ರ ನಿಮಗ ಸಹನ ಆಗೂದಿಲ್ಲ ಅಲ್ಲೇನ್ರಿ? ಅಂವಾ ಅಳಕೋಂತ ಹೇಳಿದಾ ನನ್ನ ಮುಂದ.”

ಹಾಗಲ್ಲ ಎಂದೆ. ಮತ್ತೆ ಹೇಗೆ ಎಂದಳು. ಹಾಗಲ್ಲ ಎಂದೆ ಮತ್ತೆ. ಬಸ್ಸು ಹೋಯಿತು. ನಿನ್ನ ಹೊಟ್ಟೆಯಲ್ಲಿರುವುದಕ್ಕಾಗಿಯೇ ಬಾಯಿ ಕಟ್ಟಿಕೊಂಡಿದ್ದೇನೆ ಹುಚ್ಚಿ, ಅಂತ ಕೂಗಬೇಕೆನಿಸಿತು. ಧೂಳು ಕುಡಿದು ನಿಂತೆ.

೧ ಮಾರ್ಚ್, ಭಾನುವಾರ

ಮುಂಬಯಿಯ ಉತ್ತರ. ಚೌಕಟ್ಟು ಇಲ್ಲ. ವಿಲಾಯತಿಯಿಂದ ಬರಬೇಕು, ಯಾವಾಗ ಎಂದು ಹೇಳಲಾಗದು.

ಬನಹಟ್ಟಿಗೆ ಹೋದೆ, ಸೈಕಲ್ ಮೇಲೆ. ಬಸಗೊಂಡಪ್ಪ ಸಂತೆಗೆ ಹೋಗಿದ್ದ, ಒಳ್ಳೆಯದೇ ಆಯಿತು. ಹಣಮವ್ವ ನೂಲು ಸುತ್ತುತ್ತಿದ್ದಳು. ಮನೆಯಿಂದ ಒಯ್ದಿದ್ದ ಭಂಡಾರ ಅಂಗೈಯಲ್ಲಿ ಹಿಡಿದು, ಇದನ್ನು ಹೊಳ್ಳಿ ತೆಗೆದುಕೊಳ್ಳಿ ಅವ್ವಾ, ಕೊಟ್ಟವರು ತೆಗೆದುಕೊಂಡರೆ ಆಣೆ ಬಿಡುತ್ತದೆ ಎಂದೆ. ತುಕಾರಾಮನಿಗೆ ಮಾತ್ರ ಹೇಳುತ್ತೇನೆ, ಅವನ ಬಾಯಿಯೂ ಕಟ್ಟುತ್ತೇನೆ ಎಂದೆ. ಗಾಡಿ ಮಾರುವಾಗ ಅವಳನ್ನೂ ಕೇಳಿರಲಿಲ್ಲವಂತೆ, ಗಂಡ ತಾನೇ ವ್ಯವಹಾರ ಮುಗಿಸಿದನಂತೆ.

ನನ್ನ ಅಂಗೈ ನೋಡಿದಳು. ಒಳಗೆ ಸೊಸೆ ಏನೋ ಕುಟ್ಟುತ್ತಿದ್ದಳು.

“ಹೊಳ್ಳಿ ತಗೊಂಡ್ರ ಅದು ನನ್ನ ಮನಿಗೆ ಬರತೈತಿ, ಹಾಲಪ್ಪಾ. ನನ್ನ ಸೊಸೀಗೂ ಇದ ತಿಂಗಳದಾಗ ಹೆರಿಗಿ ಐತಿ.”

ನಿನ್ನ ಸೊಸೆಯ ಮೇಲೆ ಬರಲಿ ಎನ್ನಲೇ? ಮುಷ್ಟಿ ಕಟ್ಟಿಕೊಂಡೆ ಮತ್ತೆ. ಹೊರಡುವಾಗ ಹಿಂದಿನಿಂದ, ಹುಡುಗನಿಗೆ ಸಾವಕಾಶ ಹೊಡೆಯಲು ಹೇಳು ಎಂದಳು. ಸಾವಕಾಶ ಹೊಡೆಯುವವನಾಗಿದ್ದರೆ ಆ ಗಾಡಿ ಯಾಕೆ ಕೊಳ್ಳುತ್ತಿದ್ದ, ತಾಯಿ.

೮ ಮಾರ್ಚ್, ಭಾನುವಾರ

ಇವತ್ತು ಮಾಡಿದೆ.

ಶೆಡ್ಡಿನ ಬಾಗಿಲು ಹಾಕಿ ಟ್ಯಾಂಕ್ ಬಿಚ್ಚಿದೆ. ಚಪ್ಪಲಿ ಬಿಟ್ಟು, ಕೈ ತೊಳೆದು, ತಪ್ಪಾತು ನನ್ನಪ್ಪಾ ಎಂದು ಕುತ್ತಿಗೆಯ ಭಂಡಾರ ಬಿಡಿಸಿ ತೆಗೆದೆ. ಬಿಳಿ ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮಾಡದಲ್ಲಿಟ್ಟೆ. ಆಮೇಲೆ ಉಸುಕಿನ ಕಾಗದ ಹಿಡಿದು ಬಣ್ಣ ಕೆರೆದೆ. ಬೆಸುಗೆ ಹೊರಗೆ ಬಂತು. ಬೆರಳುದ್ದ ಹಿತ್ತಾಳೆ, ಹಳದಿ.

ಅದರ ಅಂಚಿಗೆ ಕೂದಲೆಳೆಯಷ್ಟು ಬಿರುಕು. ಹೊಸದು. ಉಗುರು ಆಡಿಸಿದರೆ ಸಿಗುತ್ತದೆ. ಬನಹಟ್ಟಿಯಿಂದ ಇಲ್ಲಿಗೆ, ಎತ್ತಿನ ಬಂಡಿಗಿಂತ ನಿಧಾನ ತಂದದ್ದಕ್ಕೇ ಬಿಟ್ಟಿದೆ. ಮತ್ತೆ ಬೆಸೆಯಲೇ ಎಂದರೆ ಒಮ್ಮೆ ಸುಟ್ಟ ಕಬ್ಬಿಣ, ಇನ್ನೊಮ್ಮೆ ಸುಟ್ಟರೆ ಹಪ್ಪಳ.

ಬೆಸುಗೆಯನ್ನು ತಿಕ್ಕಿ ಹೊಳೆಯುವ ಹಾಗೆ ಮಾಡಿದೆ. ಟ್ಯಾಂಕ್ ಮರಳಿ ಹಾಕಲಿಲ್ಲ. ನಾಳೆ ತುಕಾರಾಮ ಬಂದು ನೋಡಲಿ. ಕುರುಡನಿಗೂ ಕಾಣಬೇಕು. ಬಾಯಿಬಿಡುವ ಪ್ರಮೇಯವೇ ಇಲ್ಲ.

೯ ಮಾರ್ಚ್

ಬಂದ. ಗಾಡಿಯ ಮುಂದೆ ನಿಲ್ಲಿಸಿದೆ. ನೋಡು ಎಂದೆ. ನೋಡಿದ. ಕುತ್ತಿಗೆ ನೋಡು ಎಂದೆ.

ಮುಖ ಅರಳಿತು ಅವನದು. ಟ್ಯಾಂಕ್ ಬಿಚ್ಚಿದರೂ ಭಂಡಾರ ಹಾಗೆಯೇ ಕಾಪಾಡಿದ್ದೀರಲ್ಲ ಮಾಮಾ, ನಿಮ್ಮ ಮೇಲೆ ತಪ್ಪು ತಿಳಿದಿದ್ದೆ ಎಂದ. ಹಿತ್ತಾಳೆ ಮುಟ್ಟಿದ, ಬೆರಳು ಹಣೆಗೆ ಒತ್ತಿಕೊಂಡ. ಬೆರಳಿಗೆ ಏನೂ ಹತ್ತಿಲ್ಲ ಎಂದು ನೋಡಿಕೊಳ್ಳಲಿಲ್ಲ. ಕಣ್ಣು ಮುಚ್ಚಿದ್ದ.

ಇನ್ನೊಮ್ಮೆ ನೋಡು ಎಂದೆ. ಇನ್ನೊಮ್ಮೆ ಕೈ ಮುಗಿದ. ಆಮೇಲೆ ಕಿಸೆಯಿಂದ ಪುಡಿಕೆ ತೆಗೆದ. ಅಕ್ಕ ಕಳಿಸಿದ್ದಾಳೆ, ಬೀಳಗಿಯ ಬೀರಪ್ಪನ ಗುಡಿಯದು ಎಂದು ಎಣ್ಣೆ ಡಬ್ಬಿಯಲ್ಲಿ ಬೆರಳು ಅದ್ದಿ, ಕಲಸಿ, ಬೆಸುಗೆಯ ಮೇಲೆ ತಾನೇ ಮೆತ್ತಿದ. ಬಿರುಕಿನ ಮೇಲೂ.

ಲಗಮವ್ವ ಕಳಿಸಿದ ಭಂಡಾರ. ನಾನು ನಗಬೇಕೋ ಅಳಬೇಕೋ.

೧೫ ಮಾರ್ಚ್, ಭಾನುವಾರ. ಅಮಾವಾಸ್ಯೆ

ಐದು ದಿನ ಬರೆಯಲಿಲ್ಲ. ಬರೆಯಲು ಏನಿತ್ತು.

ಇವತ್ತು ಮಧ್ಯಾಹ್ನ ತುಕಾರಾಮ ಬಂದು ಕೂತ. ಮುಧೋಳದ ಮಿಸ್ತ್ರಿಯನ್ನು ವಿಚಾರಿಸಿ ಬಂದಿದ್ದಾನೆ. ಮ್ಯಾಗ್ನೆಟೋ ಸುಟ್ಟರೆ ಎರಡು ದಿನದ ಕೆಲಸ ಎಂದನಂತೆ ಅವನು. ತಿಂಗಳ ಮೇಲಾಯಿತಲ್ಲ ಎಂದ. ತಲೆ ತಗ್ಗಿಸಿ ಕೇಳಿದ, ದನಿ ಏರಿಸಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮಾಮಾ, ಅದು ನಿಮಗ ಬೇಕಾಗಿದ್ರ ಬಾಯಿಬಿಟ್ಟ ಹೇಳ್ರಿ. ಕೊಟ್ಟಬಿಡತೇನಿ. ಹಿಂಗ ಮಾಡಬ್ಯಾಡ್ರಿ.”

ಪೆಟ್ಟಿಗೆಯ ಬೀಗ ತೆಗೆದೆ. ಅವನ ಕಣ್ಣೆದುರೇ ಮ್ಯಾಗ್ನೆಟೋ ಕೂಡಿಸಿದೆ, ಟ್ಯಾಂಕ್ ಹಾಕಿದೆ. ಕೈ ತಂತಾನೆ ಕೆಲಸ ಮಾಡಿತು. ಹೀಗೆ ಮಾಡಬೇಡ ಎಂದು ಅದಕ್ಕೆ ಹೇಳುವವರಿಲ್ಲ.

ನಾಳೆ ಯುಗಾದಿ ಪಾಡ್ಯ. ಬೆಳಗಿನ ಬೀಳಗಿ ಬಸ್ಸು ಸ್ಟ್ಯಾಂಡ್ ಬಿಡುವ ಹೊತ್ತಿಗೇ ಇವನೂ ಬಿಡುತ್ತಾನಂತೆ. ಡ್ರೈವರನ ಜೊತೆ ಪಂಥ. ಇಳಿಜಾರಿನಲ್ಲಿ ಬಸ್ಸು ಹಿಂದೆ ಹಾಕಿ, ಅಕ್ಕನ ಬಾಗಿಲಿಗೆ ಮೊದಲು ಮುಟ್ಟಿ, ಬೇವು ಬೆಲ್ಲ ಅವಳ ಕೈಯಿಂದಲೇ ತಿನ್ನುತ್ತಾನಂತೆ. ಆ ಇಳಿಜಾರು ನನಗೆ ಗೊತ್ತು. ಕೆಳಗೆ ಹಳ್ಳ, ಹಳ್ಳದ ಅಂಚಿಗೆ ಕಲ್ಲು ಹಾಸಿದ ತಗ್ಗು. ಸಾವಕಾಶ ಹೋಗು ಎಂದೆ. ನಕ್ಕ.

ಡಾಕ್ಟರರು ನಾಳೆ ಊರಲ್ಲಿ ಇರುತ್ತಾರೋ ಇಲ್ಲವೋ ಎಂದು ವಿಚಾರಿಸಿಕೊಂಡು ಬಂದೆ. ಎಂಥ ಮನುಷ್ಯನಾದೆ ನಾನು.

೧೬ ಮಾರ್ಚ್, ಸೋಮವಾರ. ಯುಗಾದಿ. ಬೆಳಿಗ್ಗೆ ಆರೂವರೆ

ಹೊರಗೆ ಇದ್ದಾನೆ. ಹೊಸ ಅಂಗಿ. ಹ್ಯಾಂಡಲ್ಲಿಗೆ ಮಾವಿನ ಎಲೆ ಕಟ್ಟುತ್ತಿದ್ದಾನೆ. ಕಾಯಿ ಒಡೆಯಲು ಕರೆದ. ಕೆಲಸದ ಚೀಟಿ ಬರೆದು ಬರುತ್ತೇನೆ, ತಡೆ ಎಂದು ಒಳಗೆ ಬಂದೆ. ಬರೆಯುತ್ತಿರುವುದು ಇದು.

ರಾತ್ರಿ ಕಣ್ಣು ಮುಚ್ಚಲಿಲ್ಲ. ಒಂದೇ ವಿಷಯ ತಿರುತಿರುಗಿ. ಆಣೆ ಹಾಕಿದಾಗ ಎರಡು ಹೋಗಿದ್ದವು. ಮೂರನೆಯದು ಆಮೇಲೆ ಹೋಯಿತು, ಆಣೆಯಾಗಿ ಏಳು ತಿಂಗಳಿಗೆ. ಆಗ ನಾನು ಬಾಯಿಬಿಟ್ಟಿರಲಿಲ್ಲ. ಒಬ್ಬರ ಮುಂದೂ ಬಿಟ್ಟಿರಲಿಲ್ಲ. ಆದರೂ ಹೋಯಿತು. ಎರಡು ವರ್ಷ ಈ ಲೆಕ್ಕ ತಲೆಗೆ ಯಾಕೆ ಬರಲಿಲ್ಲ? ಬಂದಿತ್ತೇನೋ. ನಾನೇ ನೂಕಿದ್ದೆನೇನೋ.

ತೊಟ್ಟಿಲು ತೂಗುವುದು ಬಿಡುವುದು ಬೀರಪ್ಪನಿಗೆ ಗೊತ್ತು. ನನಗೆ ತಿಳಿಯದು. ತಿಳಿದೆನೆಂದು ಇಷ್ಟು ದಿನ ಮೆರೆದೆ. ನನಗೆ ತಿಳಿದಿರುವುದು ಕಬ್ಬಿಣ ಒಂದೇ. ಆ ಕಬ್ಬಿಣ ಇವತ್ತು ಮುರಿಯುತ್ತದೆ. ಇದರಲ್ಲಿ ಸಂಶಯವಿಲ್ಲ.

ಆದರೂ ಹೊರಗೆ ಹೋಗದೆ ಬರೆಯುತ್ತಲೇ ಇದ್ದೇನೆ. ಎಂಟನೇ ತಿಂಗಳು. ಹಸಿರು ಬಳೆ. ಮಗುವಿಗೆ ಏನಾದರೂ ಆದರೆ ಅವಳು ಕೇಳುತ್ತಾಳೆ, ಆದದ್ದು ನನ್ನ ಬಾಯಿಂದಲೇ ಎಂದು ನಾನು ಹೇಳಬೇಕಾಗುತ್ತದೆ. ಹೇಳುತ್ತೇನೆ. ನಿನ್ನ ತಮ್ಮನನ್ನು ಉಳಿಸಿಕೊಂಡೆ, ಬೈ ನನ್ನ, ಎಂದು ಹೇಳುತ್ತೇನೆ. ಹೇಳುವಾಗ ಅವನಾದರೂ ಪಕ್ಕದಲ್ಲಿ ನಿಂತಿರುತ್ತಾನೆ.

ಕಾಯಿ ತಾನೇ ಒಡೆದ. ಸಪ್ಪಳ ಬಂತು. ಮಾಮಾ, ಬಸ್ಸು ಹಾರ್ನ್ ಹೊಡೆಯಿತು, ನಾ ಬಿಡುತ್ತೇನೆ ಎಂದು ಕೂಗುತ್ತಿದ್ದಾನೆ.

ಒಂದು ಕಿಕ್. ಥಂಡಿಯಿದೆ, ಏಳಲಿಲ್ಲ.

ತಪ್ಪಾಯಿತು ಲಗಮವ್ವಾ. ತಪ್ಪಾತು ನನ್ನಪ್ಪಾ.

ಎರಡು. ಮೂರನೆಯದಕ್ಕೆ ಏಳುತ್ತದೆ. ಅಷ್ಟರೊಳಗೆ ನಾನು